ನೂರ ಹನ್ನೆರಡನೆಯ ಹೆಸರು

ಕೊಳ್ಳೇಗಾಲದಿಂದ ಬೆಳಗಿನ ಏಳರ ಬಸ್ಸು ಹಿಡಿದೆ. ಮೈಸೂರಿಗೆ ಅರವತ್ತು ಚಿಲ್ಲರೆ ಕಿಲೋಮೀಟರು, ಎರಡು ಗಂಟೆಯ ದಾರಿ. ಪಕ್ಕದ ಸೀಟಿನ ಅಜ್ಜಿ, ಬಸ್ಸು ಎಷ್ಟು ಕುಲುಕಿದರೂ ಒಂದು ಮೊಗ್ಗೂ ಜಾರದಂತೆ ಮಲ್ಲಿಗೆ ಕಟ್ಟುತ್ತಿದ್ದರು. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು ಎಂಬುದನ್ನೆಲ್ಲ ಕಂಡಕ್ಟರು ತಲೆಯಲ್ಲೇ ಇಟ್ಟುಕೊಂಡಿದ್ದ. ಇಬ್ಬರನ್ನೂ ನೋಡಿ ನನಗೆ ಹೊಟ್ಟೆ ಉರಿಯಿತು.

ಗಾಂಜಾ ಬಿಟ್ಟು ಎಂಟು ತಿಂಗಳಾಗಿದ್ದರೂ ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತಿತ್ತು. ಹಿಂದಿನ ತಿಂಗಳು ಒಂದು ಲಗ್ನಪತ್ರಿಕೆಯಲ್ಲಿ ವರನ ಜಾಗದಲ್ಲಿ ವಧುವಿನ ತಂದೆಯ ಹೆಸರೇ ಅಚ್ಚಾಗಿ ಹೋಯಿತು. ಇನ್ನೊಂದು ತಪ್ಪಾದರೆ ಬೇರೆ ಕಡೆ ಕೆಲಸ ನೋಡಿಕೊಳ್ಳಿ ಎಂದು ಯಜಮಾನರು ಹೇಳಿಬಿಟ್ಟಿದ್ದರು.

ನಾನು ಹೊರಟಿದ್ದು ಮಹದೇವನನ್ನು ನೋಡಲು. ಅವನು ಮೈಸೂರಿನಲ್ಲಿ ಬೋರ್ಡು ಬರೆಯುತ್ತಾನೆ. ಒಂದೇ ಕೋಣೆಯಲ್ಲಿದ್ದಾಗ ಆರು ವರ್ಷ ಜೊತೆಯಲ್ಲಿ ಸೇದಿದ್ದೆವು, ಒಂದೇ ದಿನ ಬಿಟ್ಟೆವು. 'ತಲೆ ಈಗ ಕನ್ನಡಿ ಇದ್ದಂಗೈತೆ ಕಣೋ' ಎಂದು ಫೋನಿನಲ್ಲಿ ಹೇಳುತ್ತಿದ್ದ. ಅದನ್ನು ಕೇಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಒಂದೇ ದಿನ ಬಿಟ್ಟವರಿಗೆ ಒಂದೇ ಸಮಕ್ಕೆ ವಾಸಿಯಾಗಬಾರದೇ?

ಒಂಬತ್ತೂಕಾಲಿಗೆ ಮೈಸೂರಿನಲ್ಲಿ ಇಳಿದು, ಸಿಟಿ ಬಸ್ಸು ಹತ್ತಿ ಜಯಲಕ್ಷ್ಮಿಪುರಂ ತಲುಪಿದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅಲ್ಲೊಂದು ಹೊಸ ಕಲ್ಯಾಣ ಮಂಟಪದ ಗೋಡೆಯ ಮೇಲೆ ಮಹದೇವ ದಾನಿಗಳ ಹೆಸರು ಬರೆದು ಮುಗಿಸಿದ್ದ. ಮರುದಿನ ಬೆಳಿಗ್ಗೆ ಮಠದ ಸ್ವಾಮಿಗಳು ಬಂದು ಉದ್ಘಾಟನೆ ಮಾಡುವವರಿದ್ದರು. ನೂರ ನಲವತ್ತು ಹೆಸರು, ಕೆಂಪು ಬಣ್ಣ, ದಾರ ಹಿಡಿದಂತೆ ನೇರ ಸಾಲು. ಮೊದಲು ಅಕ್ಷರಗಳನ್ನೆಲ್ಲ ಬರೆದುಕೊಂಡು ಹೋಗಿ, ಕೊನೆಯಲ್ಲಿ ಒತ್ತಕ್ಷರಗಳನ್ನು ಒಟ್ಟಿಗೆ ಕೂರಿಸುವುದು ಅವನ ರೂಢಿ.

'ಎಂಗದೆ? ಒಂದೇ ಒಂದು ತಪ್ಪು ತೋರ್ಸು ನೋಡಾನ,' ಎಂದು ನಗುತ್ತ ಬ್ರಷ್ಷು ತೊಳೆಯಲು ಹೋದ.

ತೋರಿಸಿಯೇ ತೀರುತ್ತೇನೆ ಎಂದುಕೊಂಡೆ. ಒಂದೊಂದು ಕೊಂಬು, ಒಂದೊಂದು ದೀರ್ಘ, ಒಂದೊಂದು ಒತ್ತನ್ನೂ ಹಿಡಿದು ಓದಿದೆ. ಕಾಲು ಜೋಮು ಹಿಡಿದದ್ದೂ ಗೊತ್ತಾಗಲಿಲ್ಲ. ನೂರ ಹನ್ನೆರಡನೆಯ ಹೆಸರಿನಲ್ಲಿ ಸಿಕ್ಕಿತು. ಮಲ್ಲಪ್ಪನವರು ಒತ್ತು ಕಳೆದುಕೊಂಡು ಮಲಪ್ಪನವರಾಗಿದ್ದರು! ಆ ಖುಷಿಯಲ್ಲಿ ನೂರ ನಲವತ್ತರವರೆಗೂ ಓದಿದೆ. ಬೇರೆ ತಪ್ಪಿರಲಿಲ್ಲ.

ಮಹದೇವ ಕೈ ಒರೆಸಿಕೊಳ್ಳುತ್ತ ಬಂದ. 'ಎಲ್ಲ ಸರಿಯಾಗೈತೆ,' ಎಂದೆ. ನಾಳೆ ಅಷ್ಟು ಜನರ ಮುಂದೆ ಅವನ ಮಾನ ಹೋಗಲಿ ಎಂದೇ ಹಾಗೆ ಹೇಳಿದೆ. ಹೇಳುವಾಗ ನಾಚಿಕೆಯೂ ಆಗಲಿಲ್ಲ.

ಮಧ್ಯಾಹ್ನ ಮುದ್ದೆ, ಬಸ್ಸಾರು ಉಂಡೆವು. ತನ್ನ ಪಾಲಿನ ಹಪ್ಪಳವನ್ನೂ ಅವನು ನನ್ನ ಎಲೆಗೆ ಹಾಕಿದ. ಆಮೇಲೆ ಹೂಟಗಳ್ಳಿಯ ಅವನ ಮನೆಯಲ್ಲಿ ಸ್ವಲ್ಪ ಹೊತ್ತು ಮಲಗಿದೆವು. 'ನಿನಗೂ ಸರಿಹೋಯ್ತದೆ ಬುಡು,' ಎಂದು ಎರಡು ಸಲ ಸಮಾಧಾನ ಹೇಳಿದ. ಆ ಸಮಾಧಾನ ನನ್ನನ್ನು ಇನ್ನಷ್ಟು ಉರಿಸಿತು. ಗೋಡೆಯ ಮಾತನ್ನು ನಾನು ಎತ್ತಲೇ ಇಲ್ಲ.

ಸಂಜೆ ಐದಕ್ಕೆ ಬಸ್ ಸ್ಟ್ಯಾಂಡಿನವರೆಗೂ ಬಂದ. ಕಿಟಕಿಯ ಹತ್ತಿರ ನಿಂತು, 'ಪ್ರೆಸ್ ಕೆಲ್ಸ ಏನಾರ ಹೋದ್ರೆ ಯೋಚ್ನೆ ಮಾಡ್ಬೇಡ, ನನ್ತಾವ ಬಂದ್ಬುಡು. ಇಬ್ರೂ ಸೇರ್ಕೊಂಡು ಬರೆಯಾನ,' ಎಂದ. ಡ್ರೈವರು ಬಸ್ಸು ಚಾಲೂ ಮಾಡಿದ. ನನಗೆ ಇನ್ನು ತಡೆಯಲಾಗಲಿಲ್ಲ.

'ಮಾದೇವ, ನೂರ ಹನ್ನೆರಡನೇ ಹೆಸ್ರು. ಮಲ್ಲಪ್ಪನೋರಿಗೆ ಒತ್ತೇ ಇಲ್ಲ ಕಣೋ.'

ಅವನ ಮುಖ ಬಿಳಿಚಿಕೊಂಡಿತು. 'ಅಯ್ಯಯ್ಯೋ! ಮಂಟಪದ ಕಮಿಟಿ ಅಧ್ಯಕ್ಷರ ಮಾವ ಅವ್ರು! ನೀನು ಯಾವಾಗ ನೋಡ್ದೆ?'

'ಬೆಳಿಗ್ಗೇನೇ.'

ಬೈಯುತ್ತಾನೆ ಎಂದು ಕಾದೆ. ಅವನು ಕೇಳಿದ್ದೇ ಬೇರೆ.

'ನೂರ ನಲವತ್ತೂ ಓದ್ದ್ಯಾ? ಮಧ್ಯ ಎಲ್ಲೂ ತಲೆ ಆಚೀಚೆ ಹೋಗ್ಲಿಲ್ವಾ?'

'ಇಲ್ಲ. ಒಂದೇ ಸಲಕ್ಕೆ ಓದ್ದೆ.' ನಾನೂ ಅದನ್ನು ಗಮನಿಸಿದ್ದು ಆಗಲೇ.

'ನನಗೆ ದಿನಕ್ಕೆ ಹತ್ತು ಹೆಸ್ರು ಬರೆಯೋದ್ರೊಳಗೆ ಎಲ್ಲಾ ಕಲಸ್ಕೊಂಡು ಹೋಗ್ತಿತ್ತು ಕಣೋ. ಅದುಕ್ಕೇ ಹದಿನೈದು ದಿನ ಹಿಡೀತು. ಕನ್ನಡಿ ಗಿನ್ನಡಿ ಅಂದಿದ್ದೆಲ್ಲ ಬರೀ ಬಾಯ್ಮಾತು,' ಎಂದ. ಆಮೇಲೆ ನನ್ನನ್ನು ದುರುಗುಟ್ಟಿಕೊಂಡು ನೋಡಿದ. ಆ ನೋಟದಲ್ಲಿದ್ದ ಹೊಟ್ಟೆಯುರಿಯನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಬಸ್ಸು ಹೊರಟಿತು. ತಿರುಗಿ ನೋಡಿದರೆ ಅವನು ನಿಂತಲ್ಲೇ ನಿಂತು ಇನ್ನೂ ನನ್ನನ್ನೇ ನೋಡುತ್ತಿದ್ದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ:

'ನನ್ನೇನೋ ನೋಡ್ತೀಯ? ಕತ್ತಲಾಗೋದ್ರೊಳಗೆ ಓಡೋಗಿ ಒತ್ತು ಹಾಕೋ!'