ಪರ್ಸಿ ಮ್ಯಾಲಿನ ರೊಟ್ಟಿ ಗೆರಿ

ಇವತ್ತು ಐತವಾರ. ಮುಂಜಾನೆ ಎದ್ದವಳೇ ನನ್ನ ಮೊಮ್ಮಗಳು ಅಂಗಳದಾಗ ಕಟ್ಟಿಗಿ ನೆಟ್ಟು ಕುಂತಾಳ. "ಆಯಿ, ನೆರಳು ಹ್ಯಾಂಗ ಸರೀತದ ನೋಡಿ ಗುರ್ತು ಹಾಕ್ಕೊಂಡು ಬರ್ರಿ ಅಂದಾರ ನಮ್ಮ ಟೀಚರು. ನಿನಗ ಇದೆಲ್ಲ ತಿಳೀತದೇನು?" ಅಂತ ನನ್ನನ್ನೇ ಕೇಳ್ತಾಳ! ನಗು ತಡೀಲಿಲ್ಲ ನನಗೆ, ಕಣ್ಣಾಗ ನೀರೂ ಬಂತು. ನಾಲ್ಕನೇ ಇಯತ್ತೆ ಓದಿದ ಮುದುಕಿ ನಾನು, ಬರೆಯಲಿಕ್ಕೆ ಕುಂತರೆ ಸಾಲು ಸೊಟ್ಟ ಆಗ್ತಾವ. ಆದರೂ ಇದೊಂದು ಬರೆದೇ ಬರೀತೀನಿ. ಆ ನಾಲ್ಕನೇ ಇಯತ್ತೆ ನನಗೆ ಸಿಕ್ಕಿದ್ದೇ ಇಂಥದೊಂದು ಕಟ್ಟಿಗಿಯಿಂದ.

ಆಗಿನ್ನೂ ನಮ್ಮ ರಾಜ್ಯಕ್ಕೆ ಮೈಸೂರು ಅಂತಲೇ ಹೆಸರು. ಶಹಾಬಾದಿಗೂ ವಾಡಿಗೂ ನಡುವಿನ ಹಳ್ಳಿ ನಮ್ಮದು. ನೆಲ ಅಗೆದರೆ ಕಲ್ಲು, ಮನಿಗೆ ಹೊದಿಸಿದ್ದೂ ಕಲ್ಲು. ಅಪ್ಪ ಖಣಿಯಾಗ ಪರ್ಸಿ, ಅಂದರೆ ಹಾಸುಗಲ್ಲು, ಎಬ್ಬಿಸುತ್ತಿದ್ದ. ದೂರದ ಸಿಮೆಂಟ್ ಕಾರ್ಖಾನಿ ಭೋಂಗಾ ಮಧ್ಯಾಹ್ನ ಕೂಗಿದರೆ ಖಣಿಯವರಿಗೆ ಊಟದ ಬಿಡುವು, ಮತ್ತೆ ಕೂಗಿದರೆ ಕೆಲಸ. ಆ ನಡುವಿನ ಹೊತ್ತು ಭಾಳ ಸಣ್ಣದು. ಭೋಂಗಾ ಕೂಗೋದರೊಳಗೆ ರೊಟ್ಟಿ ಗಂಟು ಅಲ್ಲಿರಬೇಕು. ಅವ್ವನ ಮಡಿಲಾಗ ಎಳೇ ಕೂಸು, ನನ್ನ ತಮ್ಮ. ಹಂಗಾಗಿ ಒಯ್ಯಾಕಿ ನಾನೇ.

ಸಾಲಿಯಾಗ ಗಡಿಯಾರ ಇದ್ದಿಲ್ಲ. ರೊಟ್ಟಿ ಗಂಟು ಬಾಜೂಕ ಇಟ್ಟುಕೊಂಡು ಕುಂತು, ಅಂದಾಜಿನ ಮ್ಯಾಲೆ ಪಾಠದಿಂದ ಎದ್ದು ಹೋಗುತ್ತಿದ್ದೆ. ಒಂದಿನ ಭಾಳ ಮೊದಲು ಹೋಗಿ, ಪಾಠ ಕಳಕೊಂಡು, ಕಲ್ಲಿನ ರಾಶಿ ಮ್ಯಾಲೆ ಕುಂದರುತ್ತಿದ್ದೆ. ಇನ್ನೊಂದಿನ ತಡ ಆಗಿ ಅಪ್ಪ ಖಾಲಿ ಹೊಟ್ಟೀಲೆ ಸುತ್ತಿಗಿ ಹಿಡಿಯುತ್ತಿದ್ದ. ಕಡೀಗೆ ಒಂದು ಸಂಜೀ ಅಂದೇಬಿಟ್ಟ: "ಇನ್ನೊಮ್ಮೆ ತಡ ಆತಂದ್ರ ಸಾಲಿ ಸಾಕು. ಮನ್ಯಾಗಿರು."

ಹೊಸದಾಗಿ ಬಂದಿದ್ದ ಮಾಸ್ತರರ ಮುಂದೆ ಹೋಗಿ ಅತ್ತೆ. ಅವರಿಗೋ ಬಾಯಿಪಾಠಕ್ಕಿಂತ ನಮ್ಮ ಕೈಲೆ ಏನಾದರೂ ಮಾಡಿಸೋ ಹುಚ್ಚು. ಸಾಲಿ ಅಂಗಳದಾಗ ಮೂಲಿ ಮುರಿದ ಪರ್ಸಿ ಒಂದು ಬಿದ್ದಿತ್ತು. ಅದರ ಅಂಚಿಗೆ ಕೋಲು ನೆಡಿಸಿದರು. "ಯಾರು ಯಾವಾಗ ಏಳಬೇಕೋ, ಆಗ ನೆರಳಿನ ತುದಿ ಎಲ್ಲಿರತದ? ನಾ ಹೇಳಂಗಿಲ್ಲ, ನೀವೇ ಹುಡುಕ್ರಿ" ಅಂದರು.

ಅಬ್ಬಾ, ಆ ಸಂಭ್ರಮ! ಬಳಪ ಖರ್ಚಾಗಬಾರದು ಅಂತ ಕೆಮ್ಮಣ್ಣು ಕಲಸಿ ಗೆರಿ ಹಾಕಿದೆವು. ಎಮ್ಮಿಗೆ ನೀರು ಕುಡಿಸಲಿಕ್ಕೆ ಹೋಗೋ ಹುಡುಗನದೊಂದು, ನನ್ನದೊಂದು. ಒಂದೆರಡು ದಿನ ಬೇಗನೇ ಖಣಿ ಮುಟ್ಟಿ, ಬಂದು ಅಳಿಸಿ, ಮತ್ತೆ ಹಾಕಿದ ಮ್ಯಾಲೆ ನನ್ನದು ಸರಿ ಕುಂತಿತು. ಹುಡುಗರು ಅದಕ್ಕೆ ರೊಟ್ಟಿ ಗೆರಿ ಅಂತ ಹೆಸರಿಟ್ಟರು. ಕೋಲಿನಿಂದ ಗೆರಿತನಕ ಎಷ್ಟು ದೂರ ಅಂತ ಗಣಿತದ ಹೊತ್ತಿಗೆ ನಮ್ಮ ನಮ್ಮ ಕೈಲೆ ಅಳೆದದ್ದೂ ಆಯಿತು. ನನ್ನದು ಎರಡು ಗೇಣು, ನಾಲ್ಕು ಬೆರಳು. ಆಮ್ಯಾಲೆ ಅಪ್ಪ ಒಂದಿನವೂ ಹಸಿದಿರಲಿಲ್ಲ; ಗೆರಿ ಸುದ್ದಿ ಅವನಿಗೂ ಹೇಳಿದ್ದೆ.

ಒಂದು ಮುಂಜಾನೆ ಹೋಗಿ ನೋಡಿದರೆ ಕೋಲು ನಿಂತದ, ಪರ್ಸಿ ಇಲ್ಲ!

ಆಗಿದ್ದು ಇಷ್ಟೇ. ಕೆಂಪು ಗೆರಿ ಎಳೆದ ಪರ್ಸಿ ಅಂದರೆ ಮಾರಾಟ ಆದದ್ದು, ಗಾಡಿಗೆ ಹೇರಬೇಕು. ಅದು ಖಣಿಯ ಪದ್ಧತಿ. ನಮ್ಮ ಕೆಮ್ಮಣ್ಣು ನೋಡಿ, ಖಣಿಯ ಗಾಡಿ ಹೊಡೆಯೋ ಚಾಚಾ ಹೇರಿಕೊಂಡು ಹೋಗಿದ್ದ.

"ಇವತ್ತಿಗೆ ನಿನ್ನ ಸಾಲಿ ಖಲಾಸ್!" ಅಂದ ಎಮ್ಮಿ ಹುಡುಗ. ನಾನು ಬಿಕ್ಕಿ ಬಿಕ್ಕಿ ಅಳಲಿಕ್ಕೆ ಹತ್ತಿದೆ. ಮಾಸ್ತರರು ಹೊರಗೆ ಬಂದು ನೋಡಿದರು. "ಪರ್ಸಿ ಒಯ್ದಾರ, ಖರೇ. ಬಿಸಿಲೂ ಹೇರಿಕೊಂಡು ಹೋಗ್ಯಾರೇನು?" ಅಂದು ಒಳಗೆ ಹೋಗಿಬಿಟ್ಟರು.

ಕಣ್ಣು ಒರೆಸಿಕೊಂಡೆ. ನನ್ನ ಕೈ ನೋಡಿಕೊಂಡೆ. ಕೋಲಿನ ಬುಡದಿಂದ ನೆಲದ ಮ್ಯಾಲೆ ಎರಡು ಗೇಣು ಅಳೆದು, ನಾಲ್ಕು ಬೆರಳು ಇಟ್ಟು, ಅಲ್ಲೊಂದು ಸಣ್ಣ ಕಲ್ಲು ಇಟ್ಟೆ. ನೆರಳು ಕುಗ್ಗಿಕೋತ ಬರಬೇಕು. ಆಮ್ಯಾಲೆ ಪಾಠ ಯಾರಿಗೆ ಬೇಕಿತ್ತು, ಇಡೀ ಸಾಲಿ ಸುತ್ತ ಕುಂತಿತು. ಎಮ್ಮಿ ಹುಡುಗನೇ ಮೊದಲು ಚೀರಿದ: "ಮುಟ್ತು, ಮುಟ್ತು! ಓಡ್ ಏ ಹುಡುಗಿ!"

ಓಡಿದೆ. ಖಣಿಯಾಗ ಅಪ್ಪ ನಮ್ಮ ಪರ್ಸಿಯ ಬಾಜೂಕೇ ನಿಂತಿದ್ದ. "ಲಾಲ್ ನಿಶಾನಿ ಇತ್ತಲ್ಲಪಾ, ಅದಕ್ಕ ತಂದೆ. ಮಕ್ಕಳದು ಅಂತ ನನಗೇನು ಗೊತ್ತು?" ಅಂತ ಚಾಚಾ ಗಡ್ಡ ಕೆರೆದುಕೊಳ್ಳುತ್ತಿದ್ದ. ನನ್ನನ್ನು ನೋಡಿ ಅಪ್ಪನ ಬಾಯಿ ತೆರೆದೇ ಇತ್ತು.

"ಪರ್ಸಿ ಇಲ್ಲದ ಹ್ಯಾಂಗ ಬಂದಿ?"

ಗೇಣು ಬಿಚ್ಚಿ ತೋರಿಸಿದೆ. ಅಷ್ಟರಾಗ ಭೋಂಗಾ ಕೂಗಿತು. ಅಪ್ಪ ಗಂಟು ಬಿಚ್ಚಲಿಲ್ಲ. ನನ್ನ ಅಂಗೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ, ಅದರಾಗ ಏನೋ ಬರೆದಂಗ.

ಅವತ್ತು ಸಂಜೀ ಚಾಚಾನ ಗಾಡಿಯಾಗೇ ಪರ್ಸಿ ಸಾಲಿಗೆ ವಾಪಸ್ ಬಂತು. ಮೊದಲಿದ್ದ ಜಾಗಾದಾಗ ಕೂಡಿಸಿ, ಅಪ್ಪ ಉಳಿ ಸುತ್ತಿಗಿ ತಗೊಂಡು ನನ್ನ ಗೆರಿ ಕೊರೆಯಲಿಕ್ಕೆ ಕುಂತ. ಇನ್ನ ಕೆಂಪು ಬಣ್ಣದ ತಂಟೆನೇ ಬ್ಯಾಡ ಅಂತ.

"ಅಷ್ಟು ಆಳ ಬ್ಯಾಡ್ರಿ," ಅಂದರು ಮಾಸ್ತರರು. "ಚಳಿ ಹೆಚ್ಚಾದಂಗ ನೆರಳು ಉದ್ದ ಆಗತದ. ಮತ್ತೊಂದು ಗೆರಿ ಬೇಕಾಗತದ."

ಅಪ್ಪ ಕಲ್ಲಿನ ಪುಡಿ ಊದಿದ. "ಬೇಕಾಗಲಿ ಬಿಡ್ರಿ ಮಾಸ್ತರೇ. ಆಕಿ ಸಾಲಿಗೆ ಬರೋ ಅಷ್ಟು ದಿನಾನೂ ನಾ ಕೊರಕೋತ ಹೋಗತೀನಿ."

ಕೊರೆದ ಸೈತ. ನಮ್ಮ ಊರಾಗ ಇದ್ದದ್ದು ನಾಲ್ಕನೇ ಇಯತ್ತೆತನಕ ಅಷ್ಟೇ. ಅದು ಮುಗಿದ ದಿನವೂ ಅಪ್ಪ ಉಳಿ ಹಿಡಕೊಂಡೇ ಬಂದಿದ್ದ.