ಡಬ್ಬಿಯಲ್ಲಿ ಹೋದ ಮಾತ್ರೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೀಪಿ ಬಂದದ್ದೇ ಆ ಸಿಟ್ಟಿನಿಂದ ಎಂದು ನಮ್ಮ ಮನೆಯವರು ಹೇಳುತ್ತಾರೆ. ಬೀಪಿ ಬಂದ ಮೇಲೆ ಸಿಟ್ಟು ಜಾಸ್ತಿಯಾಯಿತು ಎಂದು ನಾನು ವಾದಿಸುತ್ತೇನೆ. ಅದೇನೇ ಇರಲಿ, ಜಯನಗರದ ಡಾಕ್ಟರ ಎದುರು ಮೊದಲ ಸಲ ಕೂತಾಗಲೇ ನಾನು ಕುದಿಯುತ್ತಿದ್ದೆ. ಹೊರಗೆ ಒಂದೂವರೆ ಗಂಟೆ ಕಾಯಿಸಿದ್ದರು. ಒಳಗೆ ಹೋದರೆ ಮಾತ್ರೆ ಬರೆದುಕೊಡುವ ಬದಲು ಪ್ರಶ್ನೆ ಶುರು ಮಾಡಿದರು.

"ವೀಸಿಂಗ್, ಅಂದ್ರೆ ಉಸಿರಾಡುವಾಗ ಸಿಳ್ಳೆ ಸದ್ದು, ಇದ್ಯಾ? ಚಿಕ್ಕೋರಿದ್ದಾಗ ಆಸ್ತಮಾ ಏನಾದ್ರೂ? ಶುಗರ್? ತಲೆ ಸುತ್ತಿ ಬಿದ್ದಿದ್ದೀರಾ?"

"ಡಾಕ್ಟ್ರೇ, ನಾನು ಬಂದಿರೋದು ಬೀಪಿಗೆ," ಎಂದೆ.

ಅವರು ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ. ನಾಡಿ ಎಣಿಸಿದರು, ಇಸಿಜಿ ತೆಗೆಸಿದರು, ಆಮೇಲೆ ಬರೆದರು. ಬೀಪಿಯ ಜೊತೆಗೆ ನನ್ನ ಎದೆ ಸದಾ ಡವಗುಟ್ಟುತ್ತಿದ್ದುದರಿಂದ ಬೀಟಾ ಬ್ಲಾಕರ್ ಎಂಬ ಜಾತಿಯ ಮಾತ್ರೆ ಕೊಟ್ಟರು. ಹೃದಯದ ಓಟವನ್ನು ಅದು ತಗ್ಗಿಸುತ್ತದಂತೆ. "ದಿನಾ ಒಂದೇ ಟೈಮಿಗೆ ತಗೊಳ್ಳಿ. ನನ್ನ ಕೇಳದೆ ನಿಲ್ಲಿಸ್ಬೇಡಿ. ಬೇರೆಯವರಿಗೆ ಕೊಡ್ಬೇಡಿ," ಎಂದರು. ಹಂಚುವುದಕ್ಕೆ ಇದೇನು ಚಕ್ಕುಲಿಯೇ ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ಎದ್ದು ಬಂದೆ.

ಮಾತ್ರೆ ನನಗೆ ಒಗ್ಗಿತು. ತಿಂಗಳೊಳಗೆ ಎದೆ ಸುಮ್ಮನಾಯಿತು, ಬೀಪಿ ಇಳಿಯಿತು. ಮನೆಗೊಂದು ಬೀಪಿ ಮಿಷನ್ ತಂದೆ. ಅಲ್ಲಿಂದ ನಾನೇ ಅರ್ಧ ಡಾಕ್ಟರಾದೆ.

ನಮ್ಮದು ಬಿಟಿಎಂ ಲೇಔಟಿನಲ್ಲಿ ಎರಡು ಅಂತಸ್ತಿನ ಮನೆ. ಕೆಳಗೆ ನಾವು, ಮೇಲೆ ವಿಜಯಪುರ ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಇದ್ದಾಳೆ. ಕೊರಿಯರ್ ಕಂಪನಿಯ ಆಫೀಸಿನಲ್ಲಿ ಕೆಲಸ. ಕಳೆದ ವರ್ಷ ಅವಳ ತಾಯಿ ಬಂದು ಎರಡು ತಿಂಗಳು ಇದ್ದರು. ಬಂದ ಮೂರನೇ ದಿನವೇ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ, ಮೇಲೆ ನಾಲ್ಕು ಜೋಳದ ರೊಟ್ಟಿ ಇಟ್ಟುಕೊಂಡು ಕೆಳಗೆ ಬಂದರು. ನಮ್ಮಲ್ಲಿ ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಅವರಲ್ಲೂ ಹಾಗೆಯೇ. ನಾನು ಹುಳಿಯವಲಕ್ಕಿ ತುಂಬಿ ಕಳಿಸಿದೆ. ಅವರು ಎಣ್ಣೆಗಾಯಿ ಕಳಿಸಿದರು. ಆ ಒಂದೇ ಡಬ್ಬಿ ಮೆಟ್ಟಿಲು ಹತ್ತಿ ಇಳಿದೇ ಎರಡು ಮನೆಗೂ ಸ್ನೇಹ ಬೆಳೆಯಿತು.

ಒಂದು ದಿನ ಸಂಜೆ ಅವರು ತಲೆ ಹಿಡಿದುಕೊಂಡು ನಮ್ಮ ಬಾಗಿಲ ಬಳಿ ಕೂತರು. ನಾನು ಮಿಷನ್ ತಂದು ತೋಳಿಗೆ ಸುತ್ತಿದೆ. ಬೀಪಿ ತುಂಬಾ ಮೇಲಿತ್ತು.

"ಊರಾಗ ಡಾಕ್ಟ್ರು ಗುಳಿಗಿ ಬರದಿದ್ರು ಅಕ್ಕಾರ. ತೀರಿ ಭಾಳ ದಿನಾ ಆತು. ಇಲ್ಲಿ ಯಾರಿಗೆ ತೋರಸ್ಬೇಕೋ ಏನೋ," ಎಂದರು.

ನಾನಿದ್ದೀನಲ್ಲ! ಅವತ್ತು ನಮ್ಮ ಮನೆಯಲ್ಲಿ ಅವರ ಡಬ್ಬಿ ಇತ್ತು. ಒಳಗೆ ಹೋಗಿ ಅದಕ್ಕೆ ಕೋಡುಬಳೆ ತುಂಬಿದೆ. ಅದರ ಮೇಲೆ ನನ್ನದೇ ಮಾತ್ರೆಯ ಒಂದು ಸ್ಟ್ರಿಪ್ ಇಟ್ಟು ಮುಚ್ಚಳ ಹಾಕಿದೆ. "ನಂಗೆ ಸಖತ್ತಾಗಿ ಕೆಲಸ ಮಾಡಿದೆ. ನಾಳೆ ಬೆಳಿಗ್ಗೆ ತಿಂಡಿ ಆದ್ಮೇಲೆ ಒಂದು ತಗೊಳ್ಳಿ, ಏನೂ ಆಗಲ್ಲ," ಎಂದೆ. ಅವರು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಪ್ರಸಾದ ತೆಗೆದುಕೊಳ್ಳುವ ಹಾಗೆ.

ಮಾರನೆಯ ದಿನ ಹನ್ನೊಂದರ ಹೊತ್ತಿಗೆ ಮೇಲಿಂದ ಕೆಮ್ಮು ಕೇಳಿಸಿತು. ನಿಲ್ಲಲಿಲ್ಲ. ಹುಡುಗಿ ಆಫೀಸಿಗೆ ಹೋಗಿದ್ದಳು. ಹತ್ತಿ ಹೋಗಿ ನೋಡಿದರೆ ಆ ತಾಯಿ ಕಿಟಕಿಯ ಸರಳು ಹಿಡಿದು ಬಾಗಿ ನಿಂತಿದ್ದರು. ಉಸಿರು ಎಳೆದಾಗಲೆಲ್ಲ ಭುಜ ಮೇಲಕ್ಕೆ ಏಳುತ್ತಿತ್ತು. ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಅಡುಗೆಕಟ್ಟೆಯ ಮೇಲೆ ನನ್ನ ಮಾತ್ರೆಯ ಸ್ಟ್ರಿಪ್, ಅದರ ಪಕ್ಕದಲ್ಲೇ ಹಳೆಯದೊಂದು ಇನ್ಹೇಲರ್. ಅದನ್ನು ಒತ್ತಿದರೆ ಖಾಲಿ. ಈ ಹೆಂಗಸಿಗೆ ಆಸ್ತಮಾ ಇತ್ತು, ನಾನು ಕೇಳಿಯೇ ಇರಲಿಲ್ಲ.

ಎರಡನ್ನೂ ಕೈಗೆತ್ತಿಕೊಂಡು ಆಕೆಯನ್ನು ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದೆ. ಸಿಗ್ನಲ್ಲಿನಲ್ಲಿ ನಿಂತ ಆಟೋದವನ ಮೇಲೆ ರೇಗಿದೆ, ಗೇಟಿನಲ್ಲಿ ಹೆಸರು ಬರೆಯಿರಿ ಎಂದವನ ಮೇಲೆ ರೇಗಿದೆ. ಆಕೆಯ ಮುಖಕ್ಕೆ ನೆಬ್ಯುಲೈಸರ್ ಮಾಸ್ಕ್ ಹಾಕಿದರು. ಡ್ಯೂಟಿಯಲ್ಲಿದ್ದ ಡಾಕ್ಟರು ಮಾತ್ರೆಯ ಸ್ಟ್ರಿಪ್ ನೋಡಿ ನನಗಿಂತ ಜೋರಾಗಿ ರೇಗಿದರು.

"ಆಸ್ತಮಾ ಇರೋರಿಗೆ ಯಾರ್ರೀ ಇದನ್ನ ಕೊಟ್ಟಿದ್ದು? ಶ್ವಾಸನಾಳ ಹಿಡ್ಕೊಳ್ಳುತ್ತೆ ಅಂತ ಗೊತ್ತಿಲ್ವಾ?"

"ಯಾರೋ ಕೊಟ್ಟಿದಾರೆ, ಮೇಡಂ," ಎಂದೆ.

ಈಗಲೂ ಆ ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಊರವರನ್ನೆಲ್ಲ ಬೈಯುವ ಈ ಬಾಯಿ ಅವತ್ತು "ನಾನೇ" ಎಂಬ ಎರಡಕ್ಷರ ಆಡಲಿಲ್ಲ. ಮಾಸ್ಕಿನ ಒಳಗಿಂದ ಆಕೆ ನನ್ನನ್ನು ನೋಡಿದರು.

ಸಂಜೆಗೆ ಉಸಿರು ಸರಿಹೋಗಿ ಆಕೆ ಮನೆಗೆ ಬಂದರು. ಡಾಕ್ಟರು ಬೀಪಿಗೆ ಬೇರೆ ಮಾತ್ರೆ ಬರೆದಿದ್ದರು, ಹೊಸ ಇನ್ಹೇಲರ್ ಕೊಟ್ಟಿದ್ದರು. ನನಗೋ ಮೈಯೆಲ್ಲ ಉರಿ. ಆ ದರಿದ್ರ ಮಾತ್ರೆಯ ಮುಖ ನೋಡಬಾರದು ಎಂದು ಉಳಿದದ್ದನ್ನೆಲ್ಲ ಕಸದ ಡಬ್ಬಕ್ಕೆ ಎಸೆದೆ. ಒಂದು ದಿನ ತೆಗೆದುಕೊಳ್ಳಲಿಲ್ಲ, ಎರಡು ದಿನ ತೆಗೆದುಕೊಳ್ಳಲಿಲ್ಲ. ಮೂರನೆಯ ದಿನ ಬಟ್ಟೆ ಒಣಹಾಕುತ್ತಿದ್ದಾಗ ಎದೆ ಕಿತ್ತುಕೊಂಡು ಬರುವಂತೆ ಹೊಡೆದುಕೊಳ್ಳತೊಡಗಿತು. ಮೈಯೆಲ್ಲ ಬೆವರಿತು. ಬಕೆಟ್ಟಿನ ಪಕ್ಕದಲ್ಲೇ ಕುಸಿದು ಕೂತೆ. ನನ್ನನ್ನು ಎಬ್ಬಿಸಿ, ಆಟೋ ಹತ್ತಿಸಿ, ಜಯನಗರದವರೆಗೆ ಕೈ ಹಿಡಿದು ಕೂತದ್ದು ಮೇಲಿನ ಮನೆಯ ಆ ತಾಯಿ. ಮೂರು ದಿನದ ಹಿಂದೆ ನಾನು ಉಸಿರು ಕಟ್ಟಿಸಿದ್ದ ಹೆಂಗಸು!

ಡಾಕ್ಟರು ಮತ್ತೆ ಇಸಿಜಿ ತೆಗೆಸಿದರು. ದೊಡ್ಡ ಅನಾಹುತ ಏನೂ ಆಗಿರಲಿಲ್ಲ. ಅದೇ ಮಾತ್ರೆಯನ್ನು ಮತ್ತೆ ಬರೆದುಕೊಟ್ಟು, ಆಮೇಲೆ ನಿಧಾನವಾಗಿ ಬೈದರು. "ಹೃದಯ ಈ ಮಾತ್ರೆಗೆ ಹೊಂದಿಕೊಂಡಿರುತ್ತೆ. ದಿಢೀರ್ ಅಂತ ನಿಲ್ಲಿಸಿದ್ರೆ ಬೀಪಿ, ಬಡಿತ ಎರಡೂ ಏರುತ್ತೆ. ಹಾರ್ಟ್ ಅಟ್ಯಾಕೂ ಆಗ್ಬಹುದು. ನಿಲ್ಲಿಸಲೇಬೇಕು ಅಂದ್ರೆ ನಾನು ಸ್ವಲ್ಪ ಸ್ವಲ್ಪವಾಗಿ ಇಳಿಸ್ತೀನಿ. ಸಿಟ್ಟು ಬಂತು ಅಂತ ನೀವು ಬಿಡೋ ಹಾಗಿಲ್ಲ." ಪಕ್ಕದಲ್ಲಿದ್ದ ಆಕೆಯ ಎದುರಿಗೇ, ಯಾವ ಸಿಟ್ಟು ಎಂದು ನಾನು ಎಲ್ಲ ಹೇಳಿದೆ. ಕೊಟ್ಟದ್ದು ನಾನೇ ಎಂದೂ ಹೇಳಿದೆ.

ವಾಪಸು ಬರುವಾಗ ಆಟೋದಲ್ಲಿ ಆಕೆಯನ್ನು ಕೇಳಿದೆ. "ಅವತ್ತು ಆಸ್ಪತ್ರೆಯಲ್ಲಿ ಯಾಕೆ ಸುಮ್ನಿದ್ರಿ? ನನ್ನ ಬೈಬೇಕಿತ್ತು ನೀವು."

"ಬೈಯಾಕ ಉಸುರು ಎಲ್ಲಿತ್ರಿ ಅಕ್ಕಾರ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆಕೆ ನಕ್ಕದ್ದಕ್ಕೂ ಸಿಟ್ಟು ಬಂತು.

ಮಾರನೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಅದೇ ಸ್ಟೀಲ್ ಡಬ್ಬಿ ಹಿಡಿದು ಆಕೆ ನಿಂತಿದ್ದರು. ಒಳಗಿದ್ದದ್ದು ಬಿಸಿ ನುಚ್ಚಿನ ಗಂಜಿ. ಕೈ ಚಾಚಿದೆ. ಆಕೆ ಕೊಡಲಿಲ್ಲ, ಡಬ್ಬಿಯನ್ನು ತಮ್ಮ ಕಡೆಗೇ ಹಿಡಿದುಕೊಂಡರು.

"ತಡೀರಿ ಅಕ್ಕಾರ. ಒಂದೀಟು ಉಪ್ಪು ಹಾಕೀನಿ, ಮಜ್ಜಿಗಿ ಹಾಕೀನಿ. ನಿಮಗ ಇದು ನಡೀತೈತೇನು? ಬ್ಯಾರೆ ಏನರ ಜಡ್ಡು ಐತೇನ್ರಿ ನಿಮಗ?"

ಕುಟುಕಬೇಕೆಂದು ಕೇಳಿದ್ದಲ್ಲ. ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಅಷ್ಟು ಕೇಳಲು ಅವರಿಗೆ ಹಿಡಿದದ್ದು ಅರ್ಧ ನಿಮಿಷ.