ಹಿಂದಿನ ಮನೆಯ ಸೀಲಿಂಗ್

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದರು, ಅವಳಿಗಿಂತ ಹಿರಿಯರು ಕೂಡ. ಮುಂದಿನ ದೊಡ್ಡ ಮನೆಯ ಯಜಮಾನಿ ಅವಳ ಒಡಹುಟ್ಟಿದ ಅಕ್ಕ. ಆಕೆ ಎಲ್ಲರಿಗೂ ದೊಡ್ಡಮ್ಮ. ಗಂಡ ಇನ್ನೊಬ್ಬಳ ಜೊತೆ ಹೊರಟುಹೋದ ಮೇಲೆ ಚಿಕ್ಕಮ್ಮ ಉಟ್ಟ ಬಟ್ಟೆಯಲ್ಲಿ ಅಕ್ಕನ ಬಾಗಿಲಿಗೆ ಬಂದಿದ್ದಳು. ಹಿಂಭಾಗದಲ್ಲಿ ಬಾಡಿಗೆಗೆಂದು ಕಟ್ಟಿಸಿದ್ದ ಎರಡು ಕೋಣೆಯ ಮನೆ ಆಗ ಖಾಲಿ ಬಿದ್ದಿತ್ತು.

"ಇದ್ಕೊಳ್ಳೇ. ತಂಗಿ ಹತ್ರ ಬಾಡಿಗೆ ಇಸ್ಕೊಂಡ್ರೆ ಬಾಯಿಗೆ ಹುಳ ಬೀಳತ್ತೆ" ಎಂದಿದ್ದಳು ದೊಡ್ಡಮ್ಮ.

ಬಾಡಿಗೆಯ ಮಾತು ಮತ್ತೆ ಬರಲಿಲ್ಲ. ಆದರೆ ಮುಂದಿನ ಮನೆಯ ಎರಡು ಹೊತ್ತಿನ ಅಡುಗೆ ಬಂತು, ಪಾತ್ರೆ ಬಂತು, ಬಟ್ಟೆ ಬಂತು, ಕೊನೆಗೆ ದೊಡ್ಡಮ್ಮನ ಕಾಲು ಒತ್ತುವುದೂ ಬಂತು. ನೆಂಟರು ಬಂದಾಗ ಮಾತ್ರ ದೊಡ್ಡಮ್ಮ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಪುಕ್ಕಟೆ ಇಟ್ಕೊಂಡಿದೀನಿ ನೋಡಿ, ನಮ್ಮವರು ಅಂದ್ಮೇಲೆ ಬಿಡಕ್ಕಾಗತ್ತಾ?" ಎನ್ನುತ್ತಿದ್ದಳು. ಚಿಕ್ಕಮ್ಮ ತಲೆ ಆಡಿಸುತ್ತಿದ್ದಳು.

ಆ ಹಿಂದಿನ ಮನೆಯ ಅಡುಗೆಮನೆಗೆ ಓಬೀರಾಯನ ಕಾಲದ ಸೀಲಿಂಗ್ ಇತ್ತು. ಮರದ ಪಟ್ಟಿಗಳಿಗೆ ಹಾರ್ಡ್‌ಬೋರ್ಡಿನ ಚೌಕಗಳನ್ನು ಮೊಳೆ ಹೊಡೆದು ಕೂರಿಸಿದ್ದರು. ಹಿಂದೆ ತಿಳಿಹಸಿರು ಬಣ್ಣವಂತೆ. ಎಣ್ಣೆಹೊಗೆ ಕುಡಿದು ಕುಡಿದು ಸೀದ ಬಾಣಲೆಯ ತಳದಂತಾಗಿತ್ತು. ಒಲೆಯ ಮೇಲಿನ ಚೌಕವಂತೂ ಹೊಟ್ಟೆ ಬಿಟ್ಟು ಜೋತುಬಿದ್ದಿತ್ತು. ಅದರ ಮೇಲೆ ಇಲಿಗಳ ಸಂಸಾರ. ಒಮ್ಮೆ ಬೋರ್ಡಿನ ಮೂಲೆ ಮುರಿದು ಕುದಿಯುವ ಬೇಳೆಗೇ ಬಿತ್ತು.

"ಅಕ್ಕ, ಆ ಸೀಲಿಂಗ್ ಒಂದು ತೆಗೆಸಿಬಿಡೇ. ಯಾವತ್ತಾದ್ರೂ ತಲೆ ಮೇಲೆ ಬೀಳತ್ತೆ."

"ಅಡುಗೆ ಮಾಡೋರು ಪಾತ್ರೆ ನೋಡ್ತಾರೆ. ನೀನ್ಯಾಕೆ ಆಕಾಶ ನೋಡ್ತಿರ್ತೀಯ? ಹಂಗೆ ನೋಡ್ಕೊಂಡಿದ್ದಕ್ಕೇ ಗಂಡ ಕೈತಪ್ಪಿದ್ದು."

ಆಮೇಲೆ ಅವಳು ಕೇಳಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ದೊಡ್ಡಮ್ಮನೇ ಸೀಲಿಂಗ್ ಕೆಲಸದವನನ್ನು ಕರೆದುಕೊಂಡು ಬಂದಳು. "ಎಲ್ಲಾ ಕಿತ್ತುಹಾಕಪ್ಪ. ಬೆಳ್ಳಗೆ, ಈಗಿನ ಕಾಲದ್ದು ಮಾಡು. ಒಳಗಡೆ ಲೈಟೂ ಇರಲಿ." "ಮತ್ತೆ ಕೇಳ್ದೇನೇ ಮಾಡಿಸ್ತಿದೀಯಲ್ಲಕ್ಕ" ಎಂದಳು ಚಿಕ್ಕಮ್ಮ. "ಹೂಂ, ಮಾಡಿಸಬೇಕು ಅನ್ನಿಸ್ತು" ಎಂದು ದೊಡ್ಡಮ್ಮ ಗೋಡೆಯ ಕಡೆ ತಿರುಗಿದಳು.

ಕೆಲಸದವನು, "ಒಬ್ಬನ ಕೈಲಿ ಆಗಲ್ಲಮ್ಮ, ಕೆಳಗಿಂದ ಬೋರ್ಡು ಹಿಡಿಯೋಕೆ ಇನ್ನೊಂದಾಳು ಬೇಕು" ಎಂದ.

"ಇವಳಿದಾಳಲ್ಲ, ಗಾಣದೆತ್ತು ಇದ್ದ ಹಾಗೆ."

ಚಿಕ್ಕಮ್ಮ ನಕ್ಕಳು. ಅಂದು ಅವಳಿಗೆ ಯಾವ ಮಾತೂ ಚುಚ್ಚುವಂತಿರಲಿಲ್ಲ. ಸೆರಗು ಸಿಕ್ಕಿಸಿ ನಿಂತಳು. ಬೋರ್ಡು ಕಿತ್ತಂತೆಲ್ಲ ಮಸಿ, ಇಲ್ಲಣ, ಇಲಿಹಿಕ್ಕೆ ತಲೆಯ ಮೇಲೆ ಸುರಿಯಿತು. ಒಲೆಯ ಮೇಲಿನ ಚೌಕ ಎಳೆಯುವಾಗ ತುಕ್ಕು ಹಿಡಿದ ಮೊಳೆ ತುಂಡಾಗಿ ಅದರ ಚೂರು ಅವಳ ಎಡಗಣ್ಣಿಗೆ ಸಿಡಿಯಿತು. ಕೆಲಸದವನು ಏಣಿಯಿಂದ ಧಡಧಡ ಇಳಿದ. "ಡಾಕ್ಟ್ರ ಹತ್ರ ಹೋಗಿ ಅಕ್ಕ, ಕಣ್ಣಿನ ವಿಷಯ."

ದೊಡ್ಡಮ್ಮ ರೆಪ್ಪೆ ಎತ್ತಿ ಒಮ್ಮೆ ಊದಿದಳು. "ಏನೂ ಇಲ್ಲ, ನೀರು ಹಾಕ್ಕೋ. ನಾಟಕ ಬೇಡ, ಶನಿವಾರದೊಳಗೆ ಕೆಲಸ ಮುಗೀಬೇಕು."

ಶನಿವಾರ ಏನಿದೆ ಎಂದು ಚಿಕ್ಕಮ್ಮ ಕೇಳಲಿಲ್ಲ. ಕಣ್ಣಿಗೆ ಕರ್ಚೀಫು ಕಟ್ಟಿಕೊಂಡು, ಕೆಲಸದವನು ತಗಡಿನ ಚೌಕಟ್ಟಿಗೆ ಸ್ಕ್ರೂ ತಿರುಗಿಸುವವರೆಗೂ ಹೊಸ ಬೋರ್ಡುಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಸಂದುಗಳಿಗೆ ಅವನು ಮೆತ್ತಿದ ಪುಟ್ಟಿ ಒಣಗಿದ ಮೇಲೆ ಉಜ್ಜುಕಾಗದ ಹಿಡಿದು ತಾನೇ ಉಜ್ಜಿದಳು. ಬಣ್ಣ ಬಿದ್ದು ದೀಪ ಹತ್ತಿದಾಗ ಅದು ಬೇರೆಯವರ ಮನೆಯಂತೆ ಕಂಡಿತು. ಕಣ್ಣು ಕೆಂಡವಾಗಿದ್ದರೂ ಅವಳು ಗೋಡೆ ತೊಳೆದು, ಪಾತ್ರೆ ಜೋಡಿಸಿ, ಶನಿವಾರ ಅಕ್ಕಪಕ್ಕದ ಹೆಂಗಸರನ್ನು ಟೀಗೆ ಕರೆದಳು. "ನಮ್ಮಕ್ಕನ ಬಾಯಿ ಜೋರು, ಮನಸ್ಸು ಬೆಣ್ಣೆ" ಎಂದು ಎಲ್ಲರಿಗೂ ಹೇಳಿದಳು.

ಹೆಂಗಸರ ಕೈಯಲ್ಲಿ ಟೀ ಇರುವಾಗಲೇ ದೊಡ್ಡಮ್ಮ ಒಳಗೆ ಬಂದಳು. ಹಿಂದೆ ಒಬ್ಬ ಯುವಕ, ಅವನ ಹೆಂಡತಿ. ಆ ಹುಡುಗಿ ಕತ್ತೆತ್ತಿ ಸೀಲಿಂಗ್ ನೋಡಿ, "ಚೆನ್ನಾಗಿದೆ ಆಂಟಿ" ಎಂದಳು.

"ನಿಮಗೋಸ್ಕರಾನೇ ಮಾಡಿಸಿದ್ದು. ಹಳೇ ಸೀಲಿಂಗ್ ಇದ್ರೆ ಬಾಡಿಗೆಗೆ ಬರಲ್ಲ ಅಂದಿದ್ರಲ್ಲ."

ಹುಡುಗಿಯ ದೃಷ್ಟಿ ಮಸಿ ಇನ್ನೂ ಬಿಡದ ಕೈಯ, ಕೆಂಪು ಕಣ್ಣಿನ ಹೆಂಗಸಿನ ಮೇಲೆ ಬಿತ್ತು. "ಇವರು?"

"ಕೆಲಸದೋಳು. ಸೀಲಿಂಗ್ ಕೆಲಸಕ್ಕೆ ಅಂತ ಹಿಡ್ಕೊಂಡಿದ್ದೆ. ನಾಳೆಯಿಂದ ಇರಲ್ಲ."

ನೆರೆಯ ಹೆಂಗಸರು ಲೋಟ ಕೆಳಗಿಟ್ಟರು. ಯಾರೂ ತುಟಿ ಬಿಚ್ಚಲಿಲ್ಲ. ಅವರೆಲ್ಲ ಅದೇ ಬೀದಿಯಲ್ಲಿ ಬಾಳಬೇಕಿತ್ತು. ಚಿಕ್ಕಮ್ಮ ಏನು ಮಾಡಬೇಕೆಂದು ತೋಚದೆ ಹುಡುಗಿಯ ಮುಂದೆ ಒಂದು ಲೋಟ ಟೀ ಹಿಡಿದಳು. ಹುಡುಗಿ ಹಿಂದೆ ಸರಿದು, "ಬೇಡ, ಬೇಡ. ಆ ಕಣ್ಣು ಅಂಟುರೋಗ ಅಲ್ಲ ತಾನೇ?" ಎಂದಳು.

ಅವರು ಹೋದ ಮೇಲೆ ಚಿಕ್ಕಮ್ಮ ಕೇಳಿದಳು: "ನಾನು ಯಾರು ಅಂತ ಹೇಳೋಕೂ ಆಗ್ಲಿಲ್ವೇನಕ್ಕ?"

"ಸ್ವಂತ ತಂಗೀನ ಎಬ್ಬಿಸ್ದೋಳು ನಾಳೆ ನಮ್ಮನ್ನೂ ಎಬ್ಬಿಸ್ತಾಳೆ ಅಂತ ಅವರು ಹೆದರಲ್ವಾ? ನನ್ನ ಕಷ್ಟ ನಿನಗೆಲ್ಲಿ ಅರ್ಥ ಆಗ್ಬೇಕು! ನಮ್ಮ ಮೆಟ್ಟಿಲ ಕೆಳಗೆ ಜಾಗ ಮಾಡಿಸಿದೀನಿ. ನಿನ್ನನ್ನೇನು ಬೀದಿಗೆ ಹಾಕಿದ್ನಾ?"

ಹೋಗಲು ಬೇರೆ ಜಾಗವಿರಲಿಲ್ಲ. ಅವಳು ಮೆಟ್ಟಿಲ ಕೆಳಗೆ ಸೇರಿದಳು. ಅಲ್ಲಿ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಕಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟಿತು. ಒಂದು ದಿನ ಅಂಗಡಿಯ ಮುಂದೆ ಎದುರಾದ ಸೀಲಿಂಗ್ ಕೆಲಸದವನು ಅವಳನ್ನು ನೋಡಿ ಹೌಹಾರಿ, ತಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ. ತುಕ್ಕಿನ ಚೂರು ಒಳಗೇ ಉಳಿದಿತ್ತು. ಚೂರು ತೆಗೆದರು, ನೋಟ ಬರಲಿಲ್ಲ. "ಮೊದಲೇ ಬಂದಿದ್ರೆ ಉಳೀತಿತ್ತು" ಎಂದರು ಡಾಕ್ಟರು.

ಮನೆಗೆ ಬಂದು ಅಕ್ಕನಿಗೆ ಹೇಳಿದಳು. ದೊಡ್ಡಮ್ಮ ಟೀವಿಯಿಂದ ಮುಖ ತಿರುಗಿಸಲಿಲ್ಲ. "ಇನ್ನೊಂದಿದೆಯಲ್ಲ. ಅಡುಗೆಗೆ ಒಂದು ಸಾಕು."

ಚಿಕ್ಕಮ್ಮ ಒಲೆ ಆರಿಸಿದಳು. ಎರಡು ಸೀರೆ ಸುತ್ತಿ ಚೀಲಕ್ಕೆ ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಹೊರಟಳು. ಕೆಲಸಕ್ಕೆ ಹೋಗುವ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆಯವಳು ಬೇಕಾಗಿದ್ದಾಳೆಂದು ಅವಳ ಕಿವಿಗೆ ಬಿದ್ದಿತ್ತು. ಅಲ್ಲಿ ಸೇರಿದ ಹೊಸದರಲ್ಲಿ ಎಡಕ್ಕಿಟ್ಟ ಪಾತ್ರೆ ಕಾಣದೆ ಕೈ ಸುಟ್ಟುಕೊಂಡಳು, ಬಾಗಿಲಿಗೆ ಭುಜ ಬಡಿಸಿಕೊಂಡಳು. ನಿಧಾನಕ್ಕೆ ಕತ್ತು ತಿರುಗಿಸಿ ನೋಡುವುದನ್ನು ಕಲಿತಳು.

ವರ್ಷ ಕಳೆದ ಮೇಲೆ ದೊಡ್ಡಮ್ಮ ಅಲ್ಲಿಗೆ ಬಂದಳು. ಮಂಡಿ ಊದಿತ್ತು. ಇಟ್ಟುಕೊಂಡ ಅಡುಗೆಯವರು ಯಾರೂ ನಿಂತಿರಲಿಲ್ಲ. ಚಿಕ್ಕಮ್ಮ ಏನೂ ಕೇಳದೆ ತಟ್ಟೆ ತಂದು ಬಡಿಸಿದಳು. ದೊಡ್ಡಮ್ಮ ಹಸಿದವಳಂತೆ ಉಂಡಳು.

"ಉಪ್ಪು ಸ್ವಲ್ಪ ಕಮ್ಮಿ. ಇರ್ಲಿ, ಬಾರೇ ಮನೆಗೆ. ರಕ್ತ ಸಂಬಂಧ ಅಂತ ನಾನೇ ಬಂದಿದೀನಿ."

"ಊಟ ಆಯ್ತಾ?"

"ಆಯ್ತು."

"ನಲ್ಲಿ ಆ ಕಡೆ ಇದೆ. ಇಲ್ಲಿ ಅವರವರ ತಟ್ಟೆ ಅವರವರೇ ತೊಳೀಬೇಕು."

ದೊಡ್ಡಮ್ಮ ತಂಗಿಯ ಮುಖ ನೋಡಿದಳು. ಆಮೇಲೆ ಮೇಜು ಹಿಡಿದು ಎದ್ದಳು. ನಲ್ಲಿಯ ಬಳಿ ಆಕೆಯ ಹಿಂದೆ ಹುಡುಗಿಯರ ಸಾಲು ಬೆಳೆಯುತ್ತಿತ್ತು. ಯಾರೋ "ಬೇಗ ಅಜ್ಜಿ" ಎಂದರು. ಊದಿದ ಮಂಡಿಯ ಮೇಲೆ ಬಾಗಿ ಆಕೆ ತಟ್ಟೆ ಉಜ್ಜುವುದನ್ನು ಚಿಕ್ಕಮ್ಮ ಕೊನೆಯವರೆಗೂ ನಿಂತು ನೋಡಿದಳು. ಅವಳಿಗೆ ಹಿತವೆನಿಸಿತು. ಕೈ ಕೊಡಲು ಹೋಗಲಿಲ್ಲ.

ದೊಡ್ಡಮ್ಮ ಮನೆಗೆ ಹೋಗಿ, "ಗಿಣಿ ಸಾಕಿದ್ರೆ ಹದ್ದಾಗಿ ಕುಕ್ಕಿತು" ಎಂದು ಮನೆಮನೆಗೂ ಹೇಳಿದಳು. ಅವತ್ತು ಟೀ ಕುಡಿದ ಹೆಂಗಸರೂ ಹೌದೆಂದು ತಲೆದೂಗಿದರು.